ಕೊಂಡಿಗೆ ಬಿಟ್ಟ ದಾರಿ

ಬೆಳಕಿಗೇ ಬೆಳಕಾದ ಶಿವನೇ, ನಿನಗೆ ಶರಣು. ಹೇಳುವ ನಾಲಿಗೆಯಲ್ಲೂ ಕೇಳುವ ಕಿವಿಯಲ್ಲೂ ನೀನೇ ಇರು ತಂದೆ.

ಊರೂರು ತಿರುಗುವ ಗುರು ಮರುಳಪ್ಪಾರಿಗೆ ಮಠವೆಂದರೆ ಒಂದು ಹಳೆಯ ಬಸ್ಸು. ಸೀಟು ಕಿತ್ತು, ಅದರೊಳಗೆ ಮಲಗುವ ಹಲಗೆ, ಒಲೆ, ದೇವರ ಗೂಡು ಎಲ್ಲ ಮಾಡಿಕೊಂಡಿದ್ದರು. ಬಸ್ಸು ಹೊಳೆದಂಡೆಯಲ್ಲಿ ನಿಂತರೆ ಅದೇ ಆಶ್ರಮ.

ಹಾಸಿಗೆ ಹಿಡಿದವರನ್ನು ನೋಡಲು ಓಣಿಯೊಳಗೆ ಬಸ್ಸು ಹೋಗದು. ಅದಕ್ಕೆಂದು ಭಕ್ತರು ಕೊಟ್ಟ ಸಣ್ಣದೊಂದು ಕಾರಿತ್ತು. ಊರಿಂದ ಊರಿಗೆ ಹೊರಟಾಗ ಅದನ್ನು ಕಬ್ಬಿಣದ ಕೊಂಡಿಯಿಂದ ಬಸ್ಸಿನ ಬೆನ್ನಿಗೆ ಕಟ್ಟುತ್ತಿದ್ದರು.

ಎಳೆಸಿಕೊಂಡು ಬರುವ ಕಾರಿಗೆ ಜೀವವಿಲ್ಲ, ಅದರ ದೀಪಕ್ಕೂ ಇಲ್ಲ. ಆದರೆ ಬಸ್ಸು ಬ್ರೇಕ್ ಹಾಕಿದ್ದು, ತಿರುಗಿದ್ದು ಹಿಂದೆ ಬರುವವರಿಗೆ ಆ ದೀಪದಲ್ಲೇ ಕಾಣಬೇಕು. ಬಸ್ಸಿನಿಂದ ಕಾರಿನ ದೀಪಕ್ಕೆ ವೈರು ಎಳೆಯುವ ಕೆಲಸ ಶಿಷ್ಯ ಚನ್ನಮಲ್ಲನ ಪಾಲಿಗೆ ಬಂತು. ಮೊದಲು ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಕೈ ಪಳಗಿಸಿಕೊಂಡವನು ಅವನು.

"ದೀಪ ಸರಿಯಾದ ದಿನ ಸ್ಟೇರಿಂಗ್ ನಿನ್ನ ಕೈಗೆ," ಎಂದಿದ್ದರು ಅಪ್ಪಾರು.

ಗುರುವನ್ನು ಕೂರಿಸಿಕೊಂಡು ತಾನೇ ಬಸ್ಸು ಓಡಿಸಬೇಕು. ಮೂರು ವರ್ಷದಿಂದ ಚನ್ನಮಲ್ಲ ಕಾದಿದ್ದು ಆ ಒಂದು ಮಾತಿಗೆ.

ಅಂದು ಮಧ್ಯಾಹ್ನ ಪ್ರಸಾದಕ್ಕೂ ಮೊದಲೇ ಕೆಲಸ ಮುಗಿಯಿತು.

"ಆತ್ರಿ ಅಪ್ಪಾರ. ಎಲ್ಲಾ ದೀಪ ಹತ್ತತಾವ."

"ಯಾರು ನೋಡಿದ್ರು?"

"ನಾನ ನೋಡೀನ್ರಿ. ಬ್ರೇಕಿನ ಮ್ಯಾಲೆ ಕಲ್ಲಿಟ್ಟು, ಹಿಂದಕ್ಕ ಓಡಿ ಬಂದು ನೋಡೀನಿ."

"ಬಸ್ಸು ನಿಂತಿತ್ತೋ, ಹೊಂಟಿತ್ತೋ?"

"ನಿಂತಿತ್ರಿ. ನಿಂತಾಗ ಹತ್ತಿದ್ದು ಹೊಂಟಾಗ ಎಲ್ಲಿ ಹೋಗತೈತ್ರಿ?"

ಒಲೆಯ ಮುಂದಿದ್ದ ನೀಲವ್ವ ನಕ್ಕಳು. ದಾಸೋಹದ ಅಡುಗೆ ಅವಳದು. ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಹಾಗಾಗಿ ತುಪ್ಪದ ಗಡಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆ ಹಿಂದೆಯೇ ಬರುತ್ತಿದ್ದಳು.

"ಮುಂದ ಕುಂತವರಿಗೆ ಏನ್ ಗೊತ್ತೋ ತಮ್ಮಾ? ಕಾರಿಗೆ ಹೋಗಿ ಬಡಿಯಾಕಿ ನಾನು!"

ಅಪ್ಪಾರು ಎದ್ದು ಡ್ರೈವರ್ ಸೀಟಿನಲ್ಲಿ ಕುಳಿತರು. "ಚನ್ನಮಲ್ಲ, ನೀ ನೀಲವ್ವನ ಹಿಂದ ಕುಂದ್ರು. ಗಡಿಗಿ ತೊಡಿ ಮ್ಯಾಲೆ ಇಟಗೋ."

ಸ್ಟೇರಿಂಗ್ ಹಿಡಿಯಬೇಕಾದ ಕೈಗೆ ತುಪ್ಪದ ಗಡಿಗೆ! ಚನ್ನಮಲ್ಲನ ಮುಖ ಇಳಿಯಿತು. ಗುರುವಿನ ಮಾತು, ಮೀರುವಂತಿಲ್ಲ. ಕುಳಿತ.

ನೆಟ್ಟನೆಯ ದಾರಿಯಲ್ಲಿ ಅಪ್ಪಾರು ಬ್ರೇಕ್ ಹಾಕಿದಾಗಲೆಲ್ಲ ದೀಪಗಳು ಕುಂಕುಮದಂತೆ ಬೆಳಗಿದವು.

"ನೋಡಬೇ ಯಕ್ಕಾ, ಹೆಂಗ ಹತ್ತತಾವ!"

"ತಿರುವು ಬರ್ಲಿ, ತಡಿ."

ಬೇವಿನಮರದ ಬಳಿ ಬಸ್ಸು ಹೊರಳಿತು. ಕಾರು ಕೊಂಡಿಯ ಮೇಲೆ ವಾಲಿತು. ದೀಪ ಆರಿತು. ಅದೇ ಗಳಿಗೆಗೆ ಬಸ್ಸು ನಿಂತುಬಿಟ್ಟಿತು.

ನೀಲವ್ವ ಎರಡೂ ಕೈಯಿಂದ ಬ್ರೇಕು ಅದುಮಿದಳು. ಸ್ಕೂಟರು ಕಾರಿಗೆ ಗೇಣು ದೂರದಲ್ಲಿ ನಿಂತಿತು. ತುಪ್ಪ ಹಾರಿ ಚನ್ನಮಲ್ಲನ ಎದೆಯೆಲ್ಲ ತೊಯ್ದಿತು.

ಈ ಸಲ ನೀಲವ್ವ ನಗಲಿಲ್ಲ. ಇಳಿದು, ಕಾರಿಗೂ ಸ್ಕೂಟರಿಗೂ ನಡುವೆ ಗೇಣು ಹಾಕಿ ತೋರಿಸಿದಳು. ಚನ್ನಮಲ್ಲ ಬಗ್ಗಿ ಆ ಗೇಣು ಜಾಗವನ್ನು ನೋಡಿದ.

ಅಪ್ಪಾರು ಇಳಿದು ಬಂದರು. ಬೈಯಲಿಲ್ಲ. ಕೊಂಡಿಯ ಮೇಲೆ ಬೆರಳಾಡಿಸಿದರು.

"ಇದಕ್ಕ ಗ್ರೀಸು ಹಚ್ಚಿದವರು ಯಾರು?"

"ನಾನ್ರಿ. ಸಲೀಸ ತಿರಗ್ಲಿ ಅಂತ."

"ಕರೆಂಟು ಹೋಗಾಕ ಎಷ್ಟು ವೈರು ಎಳದಿ?"

"ನಾಕ್ರಿ."

"ತಿರುಗಿ ಬರಾಕ?"

ಅದಕ್ಕೆ ಚನ್ನಮಲ್ಲ ವೈರೇ ಎಳೆದಿರಲಿಲ್ಲ. ಬಸ್ಸಿನ ಕಬ್ಬಿಣಕ್ಕೆ ಕಾರಿನ ಕಬ್ಬಿಣ ತಾಗಿದೆಯಲ್ಲ, ಕರೆಂಟು ಕೊಂಡಿಯ ಮೂಲಕ ತಾನೇ ಮರಳುತ್ತದೆ ಎಂದು ಬಿಟ್ಟಿದ್ದ. ನಿಂತಾಗ ಕೊಂಡಿ ತಾಗಿಯೇ ಇತ್ತು. ತಿರುವಿನಲ್ಲಿ ಅವನೇ ಹಚ್ಚಿದ ಗ್ರೀಸು ನಡುವೆ ಬಂದು ಕರೆಂಟಿನ ದಾರಿ ಕಡಿಯಿತು.

"ಹೋಗೋ ದಾರಿ ನಾಕು ಮಾಡಿದಿ, ಬರೋ ದಾರಿ ಒಂದೂ ಮಾಡಲಿಲ್ಲ," ಎಂದರು ಅಪ್ಪಾರು. "ತಿರುಗಿ ಬರದಿದ್ದದ್ದು ಬೆಳಗಂಗಿಲ್ಲೋ ಮಗನ."

ಚನ್ನಮಲ್ಲ ಅಂಗಿಯ ತುಪ್ಪ ಒರೆಸಿಕೊಳ್ಳಲೂ ಹೋಗಲಿಲ್ಲ. ಕಾರಿನ ಅಡಿಯಲ್ಲಿ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ದಪ್ಪನೆಯ ವೈರೊಂದನ್ನು ಬಿಗಿದ. ಇನ್ನೊಂದು ತುದಿಯನ್ನು ಬಸ್ಸಿನ ಕಬ್ಬಿಣಕ್ಕೆ ಬಿಗಿದ. ತಿರುವಿನಲ್ಲಿ ಜಗ್ಗದಿರಲೆಂದು ನಡುವೆ ಒಂದಿಷ್ಟು ಸಡಿಲ ಬಿಟ್ಟ.

ಈ ಸಲ ಬ್ರೇಕಿನ ಮೇಲೆ ಕಲ್ಲಿಡಲಿಲ್ಲ. "ಯಕ್ಕಾ, ನೀನ ನೋಡಿ ಹೇಳಬೇ," ಎಂದ.

ಅಪ್ಪಾರು ಬಸ್ಸಿನಲ್ಲಿ ಬೇವಿನಮರವನ್ನು ಮೂರು ಸುತ್ತು ಹಾಕಿದರು, ಹಿಂದೆ ಸ್ಕೂಟರಿನಲ್ಲಿ ನೀಲವ್ವ. ಚನ್ನಮಲ್ಲ ಮರದ ಬುಡದಲ್ಲಿ ನಿಂತು ದೀಪ ನೋಡಲಿಲ್ಲ, ನೀಲವ್ವನ ಮುಖ ನೋಡಿದ.

"ಈಗ ಸೈ!" ಎಂದಳು ಆಕೆ.

ಹೊರಡುವ ಹೊತ್ತಾಯಿತು. ಮುಂದಿನ ಊರಿಗೆ ಕಣಿವೆಯ ದಾರಿ, ತಿರುವಿನ ಮೇಲೆ ತಿರುವು. ಚನ್ನಮಲ್ಲ ಗಡಿಗೆ ಎತ್ತಿಕೊಂಡು ಸ್ಕೂಟರಿನ ಪಕ್ಕದಲ್ಲಿ ಹೋಗಿ ನಿಂತ.

"ಯಾಕೋ, ಸ್ಟೇರಿಂಗ್ ಬ್ಯಾಡಾತೇನು?"

"ಇವತ್ತೊಂದಿನ ಹಿಂದಿಂದ ದೀಪ ಕಾಯತೀನ್ರಿ ಅಪ್ಪಾರ."

ಅಪ್ಪಾರು ಅವನ ಕೈಯಿಂದ ಗಡಿಗೆ ತೆಗೆದುಕೊಂಡು ಆ ಕೈಯಲ್ಲಿ ಬಸ್ಸಿನ ಕೀಲಿ ಇಟ್ಟರು. ಕಾವಿಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಕೂಟರಿನಲ್ಲಿ ನೀಲವ್ವನ ಹಿಂದೆ ಕುಳಿತರು.

"ನಡಿ ಮಗನ. ಕಣಿವಿ ಇಳಿಯೂತನಕ ನಿನ್ನ ದೀಪ ನಂಬಿ ಬರಾವ ನಾನು."

ಇದನ್ನು ಕೇಳಿದ ನಿಮ್ಮೆಲ್ಲರ ದಾರಿಯಲ್ಲೂ, ನಿಮ್ಮ ಹಿಂದೆ ಬರುವವರ ದಾರಿಯಲ್ಲೂ ಶಿವನ ಬೆಳಕು ಆರದಿರಲಿ.