ಕಬ್ಬಿನ ದ್ವೀಪಕ್ಕೆ ಹೋದ ಹುಡುಗ

"ಗುರುಗಳೇ, ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕೆಟ್ಟದ್ದಾದರೆ ಆ ಪಾಪ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಬಂದರು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಬೀದಿಯಲ್ಲಿ ಅಲೆಯುವ ಹುಡುಗರನ್ನು ಕಂಡರೆ ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಆಶ್ರಮ ಕಟ್ಟಿಸಿ ಅವರಿಗೆ ಅನ್ನ ಹಾಕಿದ. ಕಡಲಾಚೆಯ ದ್ವೀಪದಲ್ಲಿ ಬಿಳಿಯ ದೊರೆಗಳ ಕಬ್ಬಿನ ತೋಟಗಳಿದ್ದವು. ಅಲ್ಲಿಗೆ ಆಳುಗಳು ಬೇಕಾಗಿದ್ದರು. ಪಟ್ಟಣದ ಕೊಚ್ಚೆಯಲ್ಲಿ ಕೊಳೆಯುವುದಕ್ಕಿಂತ ಮಣ್ಣಿನಲ್ಲಿ ದುಡಿದು ಮನುಷ್ಯರಾಗಲಿ ಎಂದು ಅವನು ಹುಡುಗರನ್ನು ಹಡಗು ಹತ್ತಿಸಿದ. ದೂರದ ಬೆಟ್ಟ ನುಣ್ಣಗೆ ಎಂದು ಅವನಿಗೆ ಹೇಳುವವರು ಯಾರು? ಊರಿನವರೆಲ್ಲ ಅವನ ಉಪ್ಪು ತಿಂದವರೇ. ಇಬ್ಬರು ಒಂದೆಡೆ ಇದ್ದರೆ ಊರು ನೆನೆದು ಅಳುತ್ತಾರೆಂದು, ತೋಟಕ್ಕೆ ಒಬ್ಬನೇ ಹುಡುಗ ಎಂಬ ನಿಯಮವನ್ನೂ ಮಾಡಿದ. ಅದೂ ಕರುಣೆಯಿಂದಲೇ.

ಮಳೆ ಹಿಡಿದಾಗ ಬಡ ಹೆಂಗಸರು ಮಕ್ಕಳನ್ನು ಯಾರದಾದರೂ ಆಸರೆಯಲ್ಲಿ ಬಿಟ್ಟು ಹಳ್ಳಿಗಳಿಗೆ ನಾಟಿ ಕೆಲಸಕ್ಕೆ ಹೋಗುವುದು, ಕೊಯ್ಲು ಮುಗಿದ ಮೇಲೆ ಬಂದು ಕರೆದೊಯ್ಯುವುದು ವಾಡಿಕೆ. ಒಬ್ಬ ವಿಧವೆಯೂ ಎಂಟು ವರ್ಷದ ಮಗ ಈರನನ್ನು ಹಾಗೆಯೇ ವರ್ತಕನ ಆಶ್ರಮದಲ್ಲಿ ಬಿಟ್ಟು ಹೋದಳು. ಬಂದು ನೋಡಿದರೆ ಮಗನಿಲ್ಲ. ನಾಲ್ಕು ತಿಂಗಳು ಬಾರದವಳು ಮಗುವನ್ನು ತೊರೆದೇ ಹೋದಳೆಂದು ತಿಳಿದು ವರ್ತಕ ಅವನನ್ನೂ ಕಳಿಸಿಬಿಟ್ಟಿದ್ದ. ಆ ವಾಡಿಕೆ ಅವನಿಗೆ ಗೊತ್ತಿರಲಿಲ್ಲ. ಅವನ ಮನೆಯ ಹೆಂಗಸರು ಎಂದೂ ನಾಟಿಗೆ ಹೋದವರಲ್ಲ.

ತನ್ನ ತಪ್ಪು ಅರಿವಾಗಿ ವರ್ತಕ, ಈರನನ್ನು ಮರಳಿ ಕಳಿಸಿರೆಂದು ತೋಟದ ದೊರೆಗಳಿಗೆ ಕಾಗದದ ಮೇಲೆ ಕಾಗದ ಬರೆದ. ಹನ್ನೆರಡು ವರ್ಷದ ಮೇಲೆ ಈರ ಬಂದಿಳಿದ. ಅಂಗೈ ತುಂಬ ಗಾಯದ ಕಲೆ. ತಾಯಿಯ ಭಾಷೆ ಪೂರ್ತಿ ಮರೆತುಹೋಗಿತ್ತು. ಆ ತೋಟದಲ್ಲಿ ಅದನ್ನು ಆಡುವ ಇನ್ನೊಬ್ಬನಿರಲಿಲ್ಲವಲ್ಲ. ಈರನಿಗೆ ಈಗ ಬರುತ್ತಿದ್ದುದು ದೊರೆಗಳ ಭಾಷೆ ಮಾತ್ರ; ಎರಡೂ ಭಾಷೆ ಬಲ್ಲವನು ವರ್ತಕನೊಬ್ಬನೇ. ತಾಯಿ ಮಗನ ನಡುವೆ ಅವನೇ ನಿಲ್ಲಬೇಕಾಯಿತು.

"ಇಷ್ಟು ವರ್ಷ ಅಮ್ಮನ ನೆನಪಾಗ್ಲಿಲ್ವೇನೋ ಕಂದಾ?" ಎಂದಳು ತಾಯಿ. ವರ್ತಕ ಅದನ್ನು ದೊರೆಗಳ ಭಾಷೆಯಲ್ಲಿ ಹೇಳಿದ.

ಈರ ಅದೇ ಭಾಷೆಯಲ್ಲಿ ಉತ್ತರ ಕೊಟ್ಟ: "ನನ್ನನ್ನು ಬೇಡವೆಂದು ಬಿಟ್ಟು ಹೋದದ್ದೇಕೆ ಎಂದು ಆಕೆಯನ್ನು ಕೇಳಿ. ಹಡಗು ಹತ್ತಿಸುವಾಗ ಹಾಗೆಂದು ನೀವೇ ಹೇಳಿದ್ದಿರಿ."

"ಏನಂದ ಧಣಿ? ನನ್ ಮಗ ಏನಂದ?" ಎಂದು ತಾಯಿ ವರ್ತಕನ ತೋಳು ಹಿಡಿದು ಕೇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆದರೂ ಅವನ ಮನಸ್ಸು ಒಳ್ಳೆಯದೇ ಇತ್ತಲ್ಲವೇ?" ಎಂದ.

"ಒಳ್ಳೆಯದೇ ಇತ್ತು ಮಗು, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳಿಕೊಳ್ಳಲು ಅವನಿಗೆ ಎರಡು ಭಾಷೆಯೂ ಸಾಲಲಿಲ್ಲ."