ಶ್ವೇತಶೃಂಗದಿಂದ ಇಳಿದು ಬಂದವನು

ಶ್ವೇತಶೃಂಗದ ಒಂದು ಮಗ್ಗುಲು ಒಂದು ದೇಶಕ್ಕೆ, ಇನ್ನೊಂದು ಮಗ್ಗುಲು ಮತ್ತೊಂದು ದೇಶಕ್ಕೆ ಸೇರಿತ್ತು. ಅದರ ಈಚೆಯ ಬುಡದಲ್ಲಿ ಚೇತನಗಿರಿ ಎಂಬ ಗುರುಗಳ ಪುಟ್ಟ ಆಶ್ರಮ.

ಅವರ ಶಿಷ್ಯ ಲೋಕಮಣಿ. ಅವನ ಅಣ್ಣ ಸೈನಿಕನಾಗಿದ್ದ. ಶಿಖರಕ್ಕಾಗಿ ಎರಡೂ ದೇಶಗಳು ಕಾದಾಡಿದ ವರ್ಷ, ಹಿಮ ಕುಸಿದು ಅದರಡಿ ಕಾಣೆಯಾದ. ಶವ ಸಿಗಲಿಲ್ಲ. ಅಣ್ಣನನ್ನು ಹುಡುಕುತ್ತ ಬಂದ ಲೋಕಮಣಿ ಆಶ್ರಮದಲ್ಲೇ ಉಳಿದ. ಒಂಬತ್ತು ವರ್ಷ ಕಳೆದವು.

ಆ ಬೇಸಿಗೆ ಹಿಮ ಎಂದೂ ಕರಗದಷ್ಟು ಕರಗಿತು. ಕುರಿ ಕಾಯುವ ಮುದುಕನೊಬ್ಬ ಆಶ್ರಮಕ್ಕೆ ಬಂದ.

"ಸ್ವಾಮಿ, ಮೇಲೆ ಹಿಮದ ಅಂಚಿನಲ್ಲಿ ಒಬ್ಬ ಸೈನಿಕನ ಹೆಣ ಕಾಣಿಸುತ್ತಿದೆ."

ಲೋಕಮಣಿ ಓಡಿದ. ಗುರುಗಳು ಕೋಲೂರುತ್ತ ಹಿಂದೆ ಹತ್ತಿದರು.

ಅವರು ತಲುಪಿದಾಗ ಲೋಕಮಣಿ ಹೆಣಕ್ಕೆ ಬೆನ್ನು ಹಾಕಿ ಕೂತಿದ್ದ.

"ಅಣ್ಣನಲ್ಲ. ಸಮವಸ್ತ್ರ ಆಚೆ ದೇಶದ್ದು."

ಗುರುಗಳು ಮಂಡಿಯೂರಿ ಹೆಣದ ಮುಖದ ಮೇಲಿನ ಹಿಮ ಸರಿಸಿದರು.

"ಇಪ್ಪತ್ತು ದಾಟಿರಲಿಕ್ಕಿಲ್ಲ," ಎಂದರು.

"ನಮ್ಮವರ ಮೇಲೆ ಗುಂಡು ಹಾರಿಸಿದವರಲ್ಲಿ ಇವನೂ ಇದ್ದಿರಬಹುದು."

"ಇದ್ದಿರಬಹುದು."

"ಹಾಗಾದರೆ ಬಿಟ್ಟುಬಿಡಿ ಗುರುಗಳೇ. ಸಂಜೆಯೊಳಗೆ ಹಿಮ ಕರಗಿದ ನೀರು ಕೊಚ್ಚಿಕೊಂಡು ಹೋಗುತ್ತದೆ."

ಗುರುಗಳು ಹೆಣದ ಎರಡೂ ತೋಳುಗಳಡಿ ಕೈ ಹಾಕಿ ಮೇಲಿನ ಬಂಡೆಯ ಕಡೆಗೆ ಎಳೆಯತೊಡಗಿದರು. ನಾಲ್ಕು ಹೆಜ್ಜೆ ಎಳೆದು ಜಾರಿ ಬಿದ್ದರು. ಮಂಡಿ ತರಚಿತು. ಎದ್ದು ಮತ್ತೆ ಎಳೆದರು. ಮತ್ತೆ ಬಿದ್ದರು.

ಲೋಕಮಣಿ ನೋಡುತ್ತಲೇ ಇದ್ದ. ಕೊನೆಗೆ ಕೇಳಿದ:

"ನಮ್ಮಣ್ಣ ಆಚೆ ಕಡೆಗೆ ಜಾರಿದ್ದರೆ?"

ಗುರುಗಳು ಏದುಸಿರು ಬಿಡುತ್ತ ನಿಂತರು.

"ಅಲ್ಲೂ ಕುರಿ ಕಾಯುವವರು ಇದ್ದಾರೆ."

ಲೋಕಮಣಿ ಎದ್ದ. ಗುರುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ತಾನೇ ಹೆಣದ ತೋಳುಗಳನ್ನು ಹಿಡಿದ.

"ನೀವು ಕಾಲು ಹಿಡಿಯಿರಿ."

ಇಬ್ಬರೂ ಹೊತ್ತು ನೀರು ಏರದ ಬಂಡೆಯ ಮೇಲೆ ಮಲಗಿಸಿದರು. ಲೋಕಮಣಿ ಬೊಗಸೆಯಲ್ಲಿ ನೀರು ತಂದು ಆ ಮುಖ ತೊಳೆದ, ತನ್ನ ಶಾಲಿನಿಂದ ಒರೆಸಿದ. ಹುಬ್ಬಿನ ಸಂದಿಯಲ್ಲಿ ಸಿಕ್ಕಿದ್ದ ಮಣ್ಣನ್ನೂ ಬೆರಳ ತುದಿಯಿಂದ ಬಿಡಿಸಿದ. ಆ ಶಾಲನ್ನೇ ಹೊದಿಸಿ ಒಂದೊಂದಾಗಿ ಕಲ್ಲು ಜೋಡಿಸಿದ. ಗುರುಗಳು ಕಲ್ಲು ಆರಿಸಿ ಕೊಡುತ್ತಿದ್ದರು.

"ಇವನವರು ಯಾರಾದರೂ ಕಾಯುತ್ತಿರಬಹುದು," ಎಂದ ಲೋಕಮಣಿ.

"ನಾಳೆ ಗಡಿ ಠಾಣೆಗೆ ತಿಳಿಸಬೇಕು. ಆಚೆಯವರಿಗೆ ಸುದ್ದಿ ಮುಟ್ಟಿಸಲಿ."

"ನಾನೇ ಹೋಗುತ್ತೇನೆ."

ಕೊನೆಯ ಕಲ್ಲು ಕೂತಿತು. ಲೋಕಮಣಿ ಕೈ ಮುಗಿದು ನಿಂತ. ಆಮೇಲೆ ಗುರುಗಳ ಕಡೆ ತಿರುಗಿದ.

"ಗುರುಗಳೇ, ಇವನ ಹೆಸರು ಗೊತ್ತಿಲ್ಲ. ಇವನ ದೇವರು ಯಾರೋ ಗೊತ್ತಿಲ್ಲ. ಏನೆಂದು ಹೇಳಲಿ?"

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ಒಂಬತ್ತು ವರ್ಷದಿಂದ ಅಣ್ಣನಿಗೆ ಹೇಳಲೆಂದು ಮನಸ್ಸಿನಲ್ಲಿ ಒಂದು ಮಾತು ಇಟ್ಟುಕೊಂಡಿದ್ದೀಯಲ್ಲ ಮಗು, ಅದನ್ನೇ ಹೇಳು."