ಅತ್ತೆಯ ಹರಕೆಯನ್ನು ತಾವು ಹೊತ್ತ ತಾಯಿ

ಮಲಪ್ರಭೆಯ ದಂಡೆಯ ಬಿಲ್ಲಹಾಳದಲ್ಲಿ ಪೂಜ್ಯ ಶಿವನೀಲಮ್ಮ ತಾಯಿಯವರ ಮಠವನ್ನು ಹುಡುಕಿಕೊಂಡು ಬಂದವರು ಅದರ ಮುಂದೆಯೇ ನಿಂತು, "ಮಠ ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ಮೂರಂಕಣದ ಮಾಳಿಗೆ ಮನೆ, ಮುಂದೊಂದು ಬೇವಿನ ಮರ, ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲು. ಅರವತ್ತೆಂಟರ ವಯಸ್ಸಿನಲ್ಲೂ ತಾಯಿಯವರು ದಾಸೋಹದ ಜೋಳವನ್ನು ತಾವೇ ಬೀಸುತ್ತಿದ್ದರು, ನೆಲವನ್ನು ತಾವೇ ಸಾರಿಸುತ್ತಿದ್ದರು, ಪೂಜೆಗೆ ಹೊಳೆಯ ನೀರನ್ನು ತಾವೇ ತರುತ್ತಿದ್ದರು. ಭಕ್ತರು ಗದ್ದುಗೆ ಮಾಡಿಸಿಕೊಡುತ್ತೇವೆ ಎಂದು ಬಂದರೆ, "ಕುಂದ್ರಾಕ ನನಗ ಹೊತ್ತೆಲ್ಲೈತ್ರಪಾ?" ಎಂದು ನಕ್ಕು ಕಳಿಸಿಬಿಡುತ್ತಿದ್ದರು.

ಅಂಥ ಮಠದ ಮುಂದೆ ಒಂದು ಮುಂಜಾನೆ ಸವಾರಿ ಬಂಡಿಯೊಂದು ಬಂದು ನಿಂತಿತು. ಮೊದಲು ಇಳಿದವಳು ಹೊಸೂರಿನ ದುಂಡವ್ವ. ಇಳಿದವಳೇ ಬಂಡಿಯಿಂದ ಮಠದ ಹೊಸ್ತಿಲವರೆಗೆ ಕರಿ ಕಂಬಳಿಯೊಂದನ್ನು ಉದ್ದಕ್ಕೆ ಹಾಸಿದಳು. ಆಮೇಲೆ ತುಂಬು ಬಸುರಿ ಸೊಸೆ ನಿಂಬೆವ್ವಳನ್ನು ಕೈಹಿಡಿದು ಇಳಿಸಿ, ಆ ಕಂಬಳಿಯ ಮೇಲೆ ಒಂದೊಂದೇ ಹೆಜ್ಜೆ ಹಾಕಿಸುತ್ತ ಕರೆತಂದಳು. ನಿಂಬೆವ್ವಳ ಪಾದಗಳು ಬಾತಿದ್ದವು. ನಾಲ್ಕು ಹೆಜ್ಜೆಗೇ ಏದುಸಿರು ಬಂದಿತ್ತು. ಆದರೆ ಕಣ್ಣಲ್ಲಿ ಮಾತ್ರ ಸಿಟ್ಟು ನಿಗಿನಿಗಿ ಉರಿಯುತ್ತಿತ್ತು.

ಕಂಬಳಿಯ ಕಥೆ ಇಷ್ಟು. ಹಿಂದಿನ ವರ್ಷ ನಿಂಬೆವ್ವಳ ಚೊಚ್ಚಲ ಕೂಸು ಎಂಟನೆಯ ತಿಂಗಳಲ್ಲೇ ಹುಟ್ಟಿ, ಅಳದೆ ಹೋಗಿತ್ತು. ನೋವು ಬಂದಾಗ ಅವಳ ತಲೆಯ ಮೇಲೆ ನೀರಿನ ಕೊಡವಿತ್ತು. ಕೊಡ ಹೊತ್ತದ್ದರಿಂದಲೇ ಕೂಸು ಹೋಯಿತು ಎಂದು ದುಂಡವ್ವ ಓಣಿಗೆಲ್ಲ ಸಾರಿದಳು. ಸೊಸೆ ಮತ್ತೆ ಬಸುರಾದಾಗ ಈ ಮಠಕ್ಕೆ ಬಂದು ಹೊಸ್ತಿಲು ಹಿಡಿದು ಹರಕೆ ಹೊತ್ತಳು: ಕೂಸು ಹುಟ್ಟಿ ಅಳುವ ತನಕ ಸೊಸೆಯ ಕಾಲು ಮಣ್ಣು ಮುಟ್ಟಬಾರದು. ಅಂದಿನಿಂದ ನಿಂಬೆವ್ವಳಿಗೆ ಮಂಚವೇ ಮನೆಯಾಯಿತು. ಬಚ್ಚಲಿಗೆ ಹೋಗಬೇಕಾದರೂ ಮುಂದೆ ಕಂಬಳಿ. ತವರಿನಲ್ಲಿ ತಾಯಿಯಿಲ್ಲದ ಹುಡುಗಿ, ಕೇಳುವವರು ಯಾರು? ಹೊತ್ತೊತ್ತಿಗೆ ತುಪ್ಪ ಸುರಿದ ಹೋಳಿಗೆ, ಅಂಟಿನುಂಡೆ, ಮತ್ತೆ ಮಂಚ. ಅತಿಯಾದರೆ ಅಮೃತವೂ ವಿಷ ಎನ್ನುವ ಮಾತನ್ನು ದುಂಡವ್ವ ನೆರೆಯವರಿಗೆ ದಿನಕ್ಕೆರಡು ಸಲ ಹೇಳುವವಳೇ. ತನ್ನ ಮನೆಯೊಳಗೆ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ.

ತಾಯಿಯವರು ಬೀಸುವ ಕಲ್ಲು ನಿಲ್ಲಿಸಿ, "ಏನವಾ ದುಂಡವ್ವ?" ಎಂದರು.

"ನೀವ ಬುದ್ಧಿ ಹೇಳ್ರಿ ತಾಯಿ! ಒಂಬತ್ತರಾಗ ಬಿದ್ದಾಳ. ಇನ್ನೊಂದು ಐದು ವಾರ ಸುಮ್ಮನ ಮಲಗಂದ್ರ ಒಲ್ಲೆ ಅಂತಾಳ. ದವಾಖಾನಿ ನರ್ಸಬಾಯಿ ಏನೋ ಹೇಳಿ ತಲಿ ಕೆಡಿಸ್ಯಾಳ್ರಿ. ನಿನ್ನೆ ಮಂಚ ಬಿಟ್ಟು ಇಳಿದು ಅಂಗಳದಾಗ ನಿಂತಿದ್ಲು! ಹರಕಿ ಮುರದ್ರ ಕೂಸಿನ ಗತಿ ಏನ್ರಿ?"

ನಿಂಬೆವ್ವ ಕಂಬಳಿಯ ಮೇಲೆ ನಿಂತೇ ಹೇಳಿದಳು. "ಅತ್ತಿ, ಹರಕಿ ನಿಮ್ಮದು. ಹಡಿಯೋ ಮೈ ನಂದೈತ್ರಿ. ಮಲಗಿ ಮಲಗಿ ನನಗ ಎದ್ದು ನಿಂದ್ರಾಕ ಬರವಲ್ದು. ನಾಳೆ ನೋವು ಬಂದ್ರ ಯಾವ ಕಸುವಿನ ಮ್ಯಾಲ ಹಡೀಲಿ? ಇದೊಂದು ಕೂಸು ನನ್ನ ಕೈಯಾಗ ಅಳಬೇಕು. ಅದಕ್ಕ ನಾ ಏನು ಬೇಕಾದ್ರೂ ಮಾಡ್ತೀನಿ, ಮಲಗೋದೊಂದು ಬಿಟ್ಟು."

ತಾಯಿಯವರು ಅತ್ತೆಯ ಮುಖವನ್ನೊಮ್ಮೆ ನೋಡಿದರು. ನಂತರ ಕೂಗಳತೆಯಲ್ಲಿದ್ದ ಸರ್ಕಾರಿ ದವಾಖಾನೆಯಿಂದ ನರ್ಸಬಾಯಿ ಎಸ್ತೇರಮ್ಮನವರನ್ನು ಕರೆಸಿದರು. ಎಸ್ತೇರಮ್ಮ ನಿಂಬೆವ್ವಳ ರಕ್ತದೊತ್ತಡ ನೋಡಿದರು, ಹೊಟ್ಟೆ ಮುಟ್ಟಿ ಕೂಸಿನ ತಲೆ ಕೆಳಗಿದೆಯೆಂದರು, ಎದೆಬಡಿತ ಚೆನ್ನಾಗಿದೆಯೆಂದರು. ನಡೆದಾಡಲು ಅಡ್ಡಿಯೇನೂ ಇಲ್ಲ, ನಡೆಯದಿದ್ದರೇ ತೊಂದರೆ ಎಂದೂ ಹೇಳಿದರು.

"ಮದಲನೇ ಕೂಸು ಕೊಡ ಹೊತ್ತದ್ದಕ್ಕ ಹೋತೇನು?" ಎಂದು ತಾಯಿಯವರು ಕೇಳಿದರು.

"ಕೊಡದಿಂದಲ್ರಿ ತಾಯಿ. ಆರು ದಿನ ಮೈ ಸುಡು ಜ್ವರ ಇತ್ತು. ದವಾಖಾನಿಗೆ ಬರೋದು ಭಾಳ ತಡ ಆತು," ಎಂದರು ಎಸ್ತೇರಮ್ಮ.

ದುಂಡವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತ ನೆಲ ನೋಡಿದಳು. ತಾಯಿಯವರು ಆ ಮಾತನ್ನು ಮುಂದೆ ಎಳೆಯಲಿಲ್ಲ.

"ಹರಕಿ ಯಾರಿಗೆ ಹೊತ್ತಿ?" ಎಂದಷ್ಟೇ ಕೇಳಿದರು.

"ನಿಮಗ್ರೀ. ನಿಮ್ಮ ಹೊಸ್ತಿಲಾ ಹಿಡದು."

"ನನಗ ಹೊತ್ತದ್ದು ನಂದಾತು. ನಂದು ನಾ ತೊಗೋತೀನಿ. ಕೊಡು ಇಲ್ಲಿ."

ಹೀಗೆಂದವರೇ ಕಂಬಳಿಯನ್ನು ಎಳೆದು ಕಂಬದ ಬುಡದಲ್ಲಿ ಮಡಿಸಿ ಹಾಸಿ, ಅದರ ಮೇಲೆ ಕುಳಿತುಬಿಟ್ಟರು. "ಇವಳ ಕೂಸು ಅಳೋತನಾ ನನ್ನ ಕಾಲು ಮಣ್ಣು ಮುಟ್ಟಂಗಿಲ್ಲ. ಹರಕಿ ಮುರೀಲಿಲ್ಲ, ನಡದೈತಿ. ನನ್ನ ಕೆಲಸ ನಿಂಬೆವ್ವ ಮಾಡ್ಲಿ. ನೀ ನನ್ನ ನೋಡ್ಕೋ."

ದುಂಡವ್ವಳಿಗೆ ದಿಕ್ಕು ತೋಚಲಿಲ್ಲ. ಗುರುವಿನ ಮಾತಿಗೆ ಎದುರಾಡುವಂತಿಲ್ಲ, ಒಪ್ಪಲು ಜೀವ ಕೇಳದು. ಒಮ್ಮೆಯೂ ಹಡೆಯದವರಿಗೆ ಹಡೆಯುವವರ ಸಂಕಟ ಏನು ಗೊತ್ತು ಎಂದು ಮನಸ್ಸಿನಲ್ಲೇ ಗೊಣಗಿಕೊಂಡಳು. ಗೊಣಗಿದ್ದಕ್ಕೆ ತಾನೇ ಕೆನ್ನೆಗೆ ತಟ್ಟಿಕೊಂಡಳು. ಅಷ್ಟರಲ್ಲಿ ನಿಂಬೆವ್ವ ಕಂಬ ಹಿಡಿದು ಬರಿಗಾಲನ್ನು ಮಣ್ಣಿನ ನೆಲದ ಮೇಲೆ ಊರಿ ನಿಂತಾಗಿತ್ತು. ಮೊಣಕಾಲು ಗಡಗಡ ನಡುಗುತ್ತಿದ್ದರೂ ಅವಳು ಕೂಡಲಿಲ್ಲ.

ಅತ್ತೆ ಸೊಸೆ ಇಬ್ಬರೂ ಮಠದಲ್ಲೇ ಉಳಿದರು. ಮರುದಿನದಿಂದ ಮಠದ ಕ್ರಮವೇ ತಿರುಗುಮುರುಗಾಯಿತು. ಬಿಸಿಲೇರುವ ಮೊದಲು ನಿಂಬೆವ್ವ ಹೊಳೆಯ ದಂಡೆಯವರೆಗೆ ನಡೆದು ಬರಬೇಕು. ಮೊದಲ ದಿನ ಬೇವಿನ ಮರ ದಾಟುವಷ್ಟರಲ್ಲಿ ಸುಸ್ತಾಗಿ ಕುಳಿತಳು. ಎರಡನೆಯ ದಿನ ಅಲ್ಲಿಂದ ಇಪ್ಪತ್ತು ಹೆಜ್ಜೆ ಮುಂದೆ ಹೋದಳು. ಎಂಟನೆಯ ದಿನ ಹೊಳೆ ಮುಟ್ಟಿ, ಪೂಜೆಗೆ ನೀರು ತಂದಳು. "ಕೊಡ ಬ್ಯಾಡ, ತಂಬಿಗಿ ಸಾಕು. ಶಿವ ಅಳತಿ ಕೇಳಂಗಿಲ್ಲ," ಎಂದು ತಾಯಿಯವರು ಕೂತಲ್ಲಿಂದಲೇ ಹೇಳಿದ್ದರು. ಬಂದ ಮೇಲೆ ಅಂಗೈ ಮೊಣಕಾಲು ಊರಿ ಪಡಸಾಲೆಯ ನೆಲ ಸಾರಿಸಬೇಕು, ಕುಕ್ಕರಗಾಲಲ್ಲಿ ಕೂತು ಕಾಳು ಆರಿಸಬೇಕು. ಆಮೇಲೆ ಕಾಲು ಅಗಲಿಸಿ ಕುಳಿತು ಎರಡು ಬೊಗಸೆ ಜೋಳ ಬೀಸಬೇಕು. ಬೀಸುವಾಗ ಹಾಡು ಕಡ್ಡಾಯ.

"ಸಾಲು ಮುಗಿಯೋತನಾ ಉಸುರು ಹಗೂರಕ ಬಿಡು. ನೋವು ಬಂದಾಗ ಹಲ್ಲು ಕಚ್ಚಬ್ಯಾಡ. ಹಿಂಗ ಬಿಡಬೇಕು," ಎಂದು ತಾಯಿಯವರು ಹೇಳಿಕೊಟ್ಟರು. ಅವರ ತಾಯಿ ಆ ಸೀಮೆಗೇ ಹೆಸರಾದ ಸೂಲಗಿತ್ತಿ ಎಂಬುದು ದುಂಡವ್ವಳಿಗೆ ತಿಳಿದದ್ದು ಆಗ. ಅಂದಿನಿಂದ ಮನಸ್ಸಿನ ಗೊಣಗಾಟ ಅರ್ಧಕ್ಕರ್ಧ ಇಳಿಯಿತು.

ಹೋಳಿಗೆ ನಿಂತಿತು. ರೊಟ್ಟಿ, ಮಡಕೆಕಾಳು, ಹುಂಚಿಕ್ಕ ಸೊಪ್ಪಿನ ಪಲ್ಯ, ಮಜ್ಜಿಗೆ ಬಂದವು. ಮಧ್ಯಾಹ್ನ ಎಡಮಗ್ಗುಲಾಗಿ ವಿಶ್ರಾಂತಿ. ವಾರಕ್ಕೊಮ್ಮೆ ಎಸ್ತೇರಮ್ಮ ಬಂದು ನೋಡುವರು. ತಲೆ ಸಿಡಿದರೆ, ಕಣ್ಣು ಮಂಜಾದರೆ, ರಕ್ತ ಕಂಡರೆ, ಕೂಸಿನ ಒದೆತ ಕಡಿಮೆಯಾದರೆ ಆ ಕ್ಷಣವೇ ದವಾಖಾನೆಗೆ ಬರಬೇಕೆಂದು ಅವರು ಹೇಳಿದ್ದನ್ನು ತಾಯಿಯವರು ದುಂಡವ್ವಳಿಂದ ಮೂರು ಸಲ ಬಾಯಿಪಾಠ ಒಪ್ಪಿಸಿಕೊಂಡರು. ಗಾದೆ ಬಿಟ್ಟು ಬೇರೇನನ್ನೂ ಬಾಯಿಪಾಠ ಮಾಡದಿದ್ದ ದುಂಡವ್ವ ತಡವರಿಸುತ್ತ ಒಪ್ಪಿಸಿದಳು.

ಸೊಸೆಯ ಕಾಲಿನ ಬಾವು ಇಳಿಯುತ್ತ ಬಂದಿತು, ಮುಖಕ್ಕೆ ಗೆಲುವು ಬಂದಿತು. ಇತ್ತ ಕಂಬಳಿಯ ಮೇಲೆ ಕುಳಿತ ತಾಯಿಯವರು ಕುಂದುತ್ತ ಹೋದರು. ಸ್ನಾನಕ್ಕೆ, ಪೂಜೆಗೆ ದುಂಡವ್ವಳೇ ಕಂಬಳಿ ಹಾಸಿ ನಾಲ್ಕು ಹೆಜ್ಜೆ ನಡೆಸಬೇಕು. ಮೊದಲ ವಾರ ತಾಯಿಯವರು ಸರಾಗವಾಗಿ ಎದ್ದರು. ಎರಡನೆಯ ವಾರ ಗೋಡೆ ಹಿಡಿದು ಎದ್ದರು. ನಾಲ್ಕನೆಯ ವಾರದಲ್ಲಿ ಅವರ ಮೀನಖಂಡಗಳು ಕಲ್ಲಿನಂತೆ ಬಿಗಿದಿದ್ದವು, ಪಾದ ಬಾತು ಬೆರಳುಗಳೇ ಕಾಣುತ್ತಿರಲಿಲ್ಲ. ದುಂಡವ್ವ ಅದನ್ನೆಲ್ಲ ನೋಡಿದಳು. ವಯಸ್ಸಾಯಿತಲ್ಲ ಎಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾದಳು. ಕಾಣಬೇಕಾದದ್ದು ಕಣ್ಣೆದುರಿಗಿದ್ದರೂ ಮನಸ್ಸು ಒಪ್ಪದಿದ್ದರೆ ಕಾಣುವುದಿಲ್ಲ.

ಐದನೆಯ ವಾರದ ಒಂದು ಮುಂಜಾನೆ ನೆಲ ಸಾರಿಸುತ್ತಿದ್ದ ನಿಂಬೆವ್ವ ತಟ್ಟನೆ ಕೈ ನಿಲ್ಲಿಸಿದಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಉಸಿರು ಬಿಟ್ಟು, "ಅತ್ತಿ, ಬ್ಯಾನಿ ಸುರು ಆದ್ವು," ಎಂದಳು. ದುಂಡವ್ವ "ಬಂಡಿ! ಬಂಡಿ!" ಎಂದು ಕೂಗುತ್ತ ಬಾಗಿಲಿಗೂ ಬಚ್ಚಲಿಗೂ ಓಡಾಡಿದಳು. ನಿಂಬೆವ್ವ ಕೈ ತೊಳೆದು, ತಾಯಿಯವರ ಪಾದಕ್ಕೆ ನಮಸ್ಕರಿಸಿ, "ನಾಕ ಹೆಜ್ಜಿ ಐತಿ. ನಡಕೊಂತ ಹೋಗೂಣ," ಎಂದು ಹೊರಟೇಬಿಟ್ಟಳು.

ದವಾಖಾನೆಯ ಪಡಸಾಲೆಯಲ್ಲಿ ಆಕೆ ಮಧ್ಯಾಹ್ನದವರೆಗೆ ಆಚೆಯಿಂದೀಚೆಗೆ ನಡೆದಳು. ನೋವು ಬಂದಾಗಲೆಲ್ಲ ಅತ್ತೆಯ ಹೆಗಲ ಮೇಲೆ ಎರಡೂ ಕೈ ಹಾಕಿ ಜೋತು, ಬೀಸುವ ಹಾಡಿನ ಸಾಲನ್ನು ಹಗುರಾಗಿ ಎಳೆದಳು. ಮೊದಮೊದಲು ಮಲಗಿಸಬೇಕೆಂದು ಎಳೆದಾಡಿದ ದುಂಡವ್ವ, ನಾಲ್ಕನೆಯ ನೋವಿನ ಹೊತ್ತಿಗೆ ತಾನೂ ಕಾಲು ಅಗಲಿಸಿ ಗಟ್ಟಿಯಾಗಿ ನಿಂತಳು. ಆಮೇಲೆ ಅವಳಿಗೇ ಗೊತ್ತಿಲ್ಲದಂತೆ ಅವಳ ಗಂಟಲಿನಿಂದಲೂ ಹಾಡು ಬಂದಿತು. ನಡುವೆ ಒಮ್ಮೆ ನಿಂಬೆವ್ವ, "ಇನ್ನ ಆಗಂಗಿಲ್ಲ ಅತ್ತಿ," ಎಂದು ಕುಸಿದಾಗ, ದುಂಡವ್ವ ಅವಳ ಮುಖ ಹಿಡಿದು, "ಆಕ್ಕೈತಿ. ಹೊಳೀತನಾ ನಡದಾಕಿ ನೀನು. ಆಕ್ಕೈತಿ," ಎಂದಳು. ಹಾಗೆಂದವಳು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಹೊತ್ತು ಮುಳುಗುವ ಮುಂಚೆ ಹೆಣ್ಣುಕೂಸು ಹುಟ್ಟಿತು. ಹುಟ್ಟಿದ್ದೇ ದವಾಖಾನೆಯ ಮಾಳಿಗೆ ಹಾರುವಂತೆ ಅತ್ತಿತು.

ಬಾಣಂತಿ, ಕೂಸು ಇಬ್ಬರೂ ಕ್ಷೇಮ ಎಂದು ಎಸ್ತೇರಮ್ಮ ಹೇಳಿದ ಮೇಲೆ ದುಂಡವ್ವ ಮಠಕ್ಕೆ ಓಡಿದಳು. "ಅತ್ತಿತ್ರಿ ತಾಯಿ! ಕೂಸು ಅತ್ತಿತು! ಇಳೀರಿ, ಮಣ್ಣು ತುಳೀರಿ!" ಎಂದು ಕಂಬಳಿಯ ಮುಂದೆ ಬಿದ್ದಳು. ತಾಯಿಯವರು ಕಣ್ಣು ಮುಚ್ಚಿ ಕೈ ಮುಗಿದರು. ನಂತರ ಏಳಲು ಹೊರಟರು. ಏಳಲಾಗಲಿಲ್ಲ. ದುಂಡವ್ವ ಕಂಕುಳಿಗೆ ಕೈಕೊಟ್ಟು ಎತ್ತಿದಳು. ಪಾದ ನೆಲಕ್ಕೆ ಊರಿದೊಡನೆ, ಯಾರೂ ಎಂದೂ ನರಳಿದ್ದನ್ನು ಕೇಳದಿದ್ದ ಆ ಬಾಯಿಂದ "ಶಿವನೇ!" ಎಂಬ ಉದ್ಗಾರ ಹೊರಟಿತು. ಹೊಳೆಗೂ ಮಠಕ್ಕೂ ಹುಡುಗಿಯಂತೆ ಓಡಾಡುತ್ತಿದ್ದ ದೇಹ ದುಂಡವ್ವಳ ಕೈಯಲ್ಲಿ ಥರಥರ ನಡುಗಿತು.

ಆಗ ಆಕೆಗೆ ಕಂಡಿತು. "ಯವ್ವಾ! ಈ ಗತಿ ನನ್ನ ಸೊಸಿಗೆ ಬರೂದಿತ್ತು. ಈ ಮೈ ತೊಗೊಂಡು ಆಕಿ ಹೆಂಗ ಹಡೀತಿದ್ಲು? ನಾನ ಆಕಿನ್ನ ಕೊಲ್ಲಾಕ ಹೊಂಟಿದ್ನೆಲ್ರಿ!" ಎಂದು ಹಣೆ ಹಣೆ ಬಡಿದುಕೊಂಡಳು.

ತಾಯಿಯವರು ಆಕೆಯ ಕೈ ಹಿಡಿದು ನಿಲ್ಲಿಸಿದರು. "ನೀ ಹೊತ್ತದ್ದು ಹರಕಿ ಅಲ್ಲವಾ, ಅಂಜಿಕಿ. ಅದರ ಬೇರು ಎಲ್ಲೈತಿ ಅಂತ ನಿನಗ ಗೊತ್ತೈತಿ. ಹೇಳೋದು ನನ್ನ ಮುಂದಲ್ಲ. ಹೋಗು."

ದುಂಡವ್ವ ದವಾಖಾನೆಗೆ ಮರಳಿದಳು. ಆ ನಾಲ್ಕು ಹೆಜ್ಜೆ ಅವಳಿಗೆ ನಾಲ್ಕು ಹರದಾರಿಯಾಯಿತು. ನಿಂಬೆವ್ವ ಕೂಸಿಗೆ ಮೊಲೆಯೂಡಿಸುತ್ತಿದ್ದಳು. ಅತ್ತೆ ಮಂಚದ ಬಳಿ ನೆಲಕ್ಕೆ ಕುಳಿತು, ಸೊಸೆಯ ಪಾದ ಹಿಡಿದು ಹೇಳಿದಳು. "ಕೊಡದ್ದೇನೂ ತಪ್ಪಿರಲಿಲ್ಲ ನಿಂಬೆವ್ವ. ನಿನಗ ಜ್ವರ ಬಂದಾಗ ನರ್ಸಬಾಯಿ ಕರಕೊಂಡು ಬರ್ರಿ ಅಂದಿದ್ರು. ತಾನ ಇಳೀತೈತಿ ಅಂತ ನಾನ ತಡದೆ. ಆರು ದಿನ ತಡದೆ. ಆಮ್ಯಾಲ ಎಲ್ಲಾರ ಮುಂದ ಕೊಡದ ಮ್ಯಾಲ ಹಾಕಿದೆ."

ನಿಂಬೆವ್ವ ಕೂಸನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೂಸು ಕುಡಿದು ಮುಗಿಸಿದ ಮೇಲೆ ಅದನ್ನು ಎತ್ತಿ ಅತ್ತೆಯ ಮುಂದೆ ಹಿಡಿದಳು.

"ನನಗ ಗೊತ್ತಿತ್ರಿ ಅತ್ತಿ. ನೀವು ಯಾವಾಗ ಅಂತೀರಿ ಅಂತ ಕಾಯ್ತಿದ್ದೆ. ತೊಗೋರಿ, ನಿಮ್ಮ ಮೊಮ್ಮಗಳನ್ನ ಹಿಡೀರಿ."

ಪೂಜ್ಯ ತಾಯಿಯವರು ಮತ್ತೆ ಹೊಳೆಯವರೆಗೆ ನಡೆಯುವಂತಾಗಲು ಎರಡು ತಿಂಗಳು ಹಿಡಿಯಿತು ಎಂದು ಬಿಲ್ಲಹಾಳದ ಹಿರಿಯರು ಹೇಳುತ್ತಾರೆ. ದುಂಡವ್ವಳೂ ಬಹಳ ಕಾಲ ಬಾಳಿದಳು. ಸುತ್ತಲಿನ ಹಳ್ಳಿಗಳಲ್ಲಿ ಯಾವ ಬಸುರಿಗೆ ಮೈ ಬಿಸಿಯಾಗಿದೆಯೆಂಬ ಸುದ್ದಿ ಕಿವಿಗೆ ಬಿದ್ದರೂ ಆ ಮನೆಯ ಬಾಗಿಲಲ್ಲಿ ಮೊದಲು ಹೋಗಿ ನಿಲ್ಲುವವಳು ಅವಳೇ. ಎಷ್ಟು ದಿನವಾಯಿತು ಎಂದು ಕೇಳುತ್ತಿರಲಿಲ್ಲ, ಯಾವ ದೇವರಿಗೂ ಹರಕೆ ಹೊರುತ್ತಿರಲಿಲ್ಲ. "ಬಂಡಿ ಹೂಡ್ರಿ," ಎನ್ನುತ್ತಿದ್ದಳು.